ಹೆಸರು ಹೋದವು, ಬಣ್ಣ ಉಳಿದವು

ಬಸುರಿ ಮಗಳ ಕುಬುಸದ ಶಾಸ್ತ್ರಕ್ಕೆ ನಾನೇ ಹಸಿರು ಸೀರೆ ನೇಯಬೇಕೆಂದು ಆಸೆಪಟ್ಟು, ಬೆಟಗೇರಿಯ ನಮ್ಮ ನೇಕಾರರ ಸಂಘಕ್ಕೆ ನೂಲಿನ ಬಣ್ಣ ಬರೆಸಲು ಹೋಗಿದ್ದೆ. ಪಟ್ಟಿಯಲ್ಲಿದ್ದಂತೆಯೇ ನೂಲು ಬರುತ್ತಿತ್ತು. ಲಕ್ಷ್ಮೇಶ್ವರದಿಂದ ಬಂದಿದ್ದ ಹೆಣ್ಣುಮಗಳೊಬ್ಬರು ಎಲ್ಲರ ಹೆಸರು, ಬಣ್ಣಗಳನ್ನು ಕಂಪ್ಯೂಟರಿನಲ್ಲಿ ತುಂಬಿ, "ಈಗ ಹೆಸರು ಅಕ್ಷರದ ಪ್ರಕಾರ ಹೊಂದಸ್ತೀನ್ರಿ" ಎಂದು ಗುಂಡಿ ಒತ್ತಿದರು.

ಮಾಗಡಿ ಕೆರೆಯ ಹಕ್ಕಿಗಳು ಒಮ್ಮೆಲೇ ಎದ್ದು ಬೇರೆಡೆ ಇಳಿಯುವಂತೆ ಹೆಸರುಗಳು ಎದ್ದು ಇಳಿದವು. ನಾನು ಮೈಮರೆತು ನೋಡುತ್ತಿದ್ದೆ. ನನ್ನ ಹೆಸರು ಬಹಳ ಮೇಲೆ ಹೋಗಿ ಕುಳಿತಿತ್ತು. ಅದರ ಮುಂದೆ ಮಾತ್ರ 'ಬಿಳಿ' ಎಂದಿತ್ತು. ಬಿಳಿ ನೂಲು ಬರೆಸಿ ಪಕ್ಕದಲ್ಲೇ ಕುಳಿತಿದ್ದ ಎಂಬತ್ತು ವರ್ಷದ ಗಂಗಜ್ಜಿಯ ಪಾಲಿಗೆ ನನ್ನ ಹಸಿರು ಹೋಗಿತ್ತು.

ಪರರ ಮುಂದೆ ಮಾತನಾಡಲು ನನಗೆ ಸದಾ ಸಂಕೋಚ. ಆದರೂ ಮೆಲ್ಲಗೆ ಹೇಳಿದೆ: "ಅಕ್ಕಾರ, ಹೆಸರಷ್ಟ ಹೋದ್ವು, ಬಣ್ಣ ಅಲ್ಲೇ ಉಳದಾವ್ರಿ. ಅಡ್ಡ ಹೋಗೋ ಹೊಕ್ಕಿನ ಎಳಿ ನಡಬರಕ ಕಡದಂಗ ಆಗೇತಿ."

ಅವರು ಪರದೆಯನ್ನು ದಿಟ್ಟಿಸಿದರು. "ಖರೆ ಐತ್ರಿ. ಹೆಸರಿನ ಸಾಲಷ್ಟ ಹಿಡದಿದ್ದೆ."

ಮೊದಲಿನಂತೆ ಮಾಡಿ, ಈ ಸಲ ಇಡೀ ಪಟ್ಟಿಯನ್ನು ಹಿಡಿದು ಹೊಂದಿಸಿದರು. ಹಸಿರು ನನ್ನ ಹೆಸರಿನ ಬೆನ್ನು ಹತ್ತಿ ಬಂತು.

"ಅಷ್ಟು ಜಲ್ದಿ ಯಾಕ ತಿದ್ದಿಸಿದಿ ಲೇ?" ಎಂದಳು ಗಂಗಜ್ಜಿ. "ನಂಗೂ ಇನ್ನೊಂದು ಕುಬುಸ ಆಗ್ತಿತ್ತು."

ಮಗಳ ಸೀರೆ ಮುಗಿದ ಮೇಲೆ ಉಳಿದ ಹಸಿರಿನಲ್ಲಿ ಅಜ್ಜಿಗೊಂದು ಕುಪ್ಪಸದ ಬಟ್ಟೆ ನೇಯ್ದುಕೊಟ್ಟೆ. ಅದು ಯಾವ ಪಟ್ಟಿಯಲ್ಲೂ ಇಲ್ಲ.