ಒಳಗೆ ಬಿಟ್ಟ ಬಟ್ಟೆ

ನನ್ನ ಮೈದುನನ ಹೆಂಡತಿಯನ್ನು ಬೀದಿಯವರೆಲ್ಲ ಟೇಪಮ್ಮ ಎನ್ನುತ್ತಾರೆ. ಊಟಕ್ಕೆ ಕೂತರೂ ಅವಳ ಕೊರಳಿನಿಂದ ಅಳತೆಯ ಟೇಪು ಇಳಿಯುವುದಿಲ್ಲ. ಮನೆಯ ಮುಂದಿನ ಕೋಣೆಯೇ ನಮ್ಮ ಹೊಲಿಗೆ ಅಂಗಡಿ. ಎರಡು ಮಿಷನ್ನು, ಒಂದು ಉದ್ದನೆಯ ಕನ್ನಡಿ. ಅಳತೆ, ಕತ್ತರಿ ಅವಳದು. ಗುಂಡಿ, ಕಾಜಾ ನನ್ನದು. ಸೊಕ್ಕು ಅವಳ ಕತ್ತರಿಗೂ ಇದೆ, ನನ್ನ ಬಾಯಿಗೂ ಇದೆ. ಹೇಗೋ ಹನ್ನೊಂದು ವರ್ಷ ಹೊಂದಿಕೊಂಡು ಬಂದಿದ್ದೇವೆ.

ಬಹಳ ಕಾದು ನಿಂತ ಬಸುರು ಅವಳದು. ನಾಲ್ಕನೇ ತಿಂಗಳಲ್ಲಿ ಅವಳ ರವಿಕೆ ಎಡ ಎದೆಯ ಹತ್ತಿರ ಮಾತ್ರ ಬಿಗಿಯಾಯಿತು. ಬೇರೆಯವರಾಗಿದ್ದರೆ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವಳು ಹೊಲಿಗೆ ಬಿಚ್ಚಿದಳು! ಮೂರು ಸಲ ಬಿಚ್ಚಿ ಹೊಲಿದು, ಕೊನೆಗೆ ಟೇಪೇ ಜಗ್ಗಿಹೋಗಿದೆ ಎಂದು ಅದನ್ನು ಬೈದು ಹೊಸದು ತಂದಳು. ಜಗ್ಗಿದ ಟೇಪು ಎರಡೂ ಕಡೆ ತಪ್ಪು ಹೇಳಬೇಕಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಸ ಟೇಪೂ ಹಳೆಯ ಮಾತನ್ನೇ ಹೇಳಿದಾಗ ಅವಳು ಕೈಯಿಟ್ಟು ನೋಡಿದಳು.

"ಅಕ್ಕ, ಇಲ್ಲೊಂದು ಗಂಟಿದೆ. ಕೋಟಿನ ಗುಂಡಿಯಷ್ಟಿದೆ."

"ಹಾಲು ಕಟ್ಟಿರುತ್ತೆ ಕಣೇ. ಬಸುರೀರಿಗೆ ಇದೆಲ್ಲ ಇದ್ದದ್ದೇ," ಎಂದೆ.

ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನನ್ನ ಆ ಒಂದು ಮಾತಿನಿಂದ ಮೂರು ವಾರ ಹಾಳಾಯಿತು. ಇವತ್ತಿಗೂ ನನಗೆ ನನ್ನ ನಾಲಿಗೆಯ ಮೇಲೆ ಸಿಟ್ಟು.

ಹೆರಿಗೆ ಡಾಕ್ಟರಮ್ಮ ಮುಟ್ಟಿ ನೋಡಿದವರೇ ಸ್ಕ್ಯಾನಿಂಗಿಗೆ ಕಳಿಸಿದರು. ಆಮೇಲೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದು ಬಂತು.

"ಮಗು?" ಎಂದಳು ಇವಳು. ಅಷ್ಟೇ.

"ಮಗೂನೂ ಉಳೀಬೇಕು, ನೀವೂ ಉಳೀಬೇಕು. ಆಪರೇಷನ್ ಈಗಲೇ ಮಾಡಬಹುದು. ಮೂರು ತಿಂಗಳು ದಾಟಿದೆಯಲ್ಲ, ಕೀಮೋನೂ ಕೊಡಬಹುದು. ಹೆರಿಗೆಗೆ ಕೆಲವು ವಾರ ಮುಂಚೆ ನಿಲ್ಲಿಸ್ತೀವಿ. ರೇಡಿಯೇಷನ್ ಮಾತ್ರ ಮಗು ಹುಟ್ಟಿದ ಮೇಲೆ. ಆದರೆ ಕೀಮೋ ನಡೆಯೋವಾಗ ಎದೆಹಾಲು ಕುಡಿಸೋ ಹಾಗಿಲ್ಲ."

ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದವಳು ಕೊನೆಯ ಮಾತಿಗೆ ಅತ್ತಳು.

ಆಪರೇಷನ್ನಿನ ಹಿಂದಿನ ದಿನ ಅಂಗಡಿಯಲ್ಲಿ ಕೂತು ಅಂಗೈಯಗಲದ ಹಳದಿ ಅಂಗಿಯೊಂದನ್ನು ಕತ್ತರಿಸಿದಳು. ಬದಿ ಹೊಲಿದು, ಕೆಳಗಿನ ಅಂಚು ಹಾಗೇ ಬಿಟ್ಟು ಮೇಜಿನ ಖಾನೆಯಲ್ಲಿಟ್ಟಳು. "ಇದರ ಅಂಚು ನಾನೇ ಹೊಲೀತೀನಿ. ನೀವು ಮುಟ್ಟಿದ್ರೆ ನೋಡಿ!"

ಎಡ ಎದೆ ಹೋಯಿತು. ಕೂದಲೂ ಹೋಯಿತು. ಸುಸ್ತಾಗಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ ದಿನಗಳಲ್ಲಿ ನಾನು ಖಾನೆ ತೆರೆದು ಆ ಅಂಗಿಯನ್ನು ನೋಡುತ್ತಿದ್ದೆ. ಅರ್ಧ ಗಳಿಗೆಯ ಕೆಲಸ. ಕೈ ಕಡಿಯುತ್ತಿತ್ತು. ಆದರೂ ಮುಟ್ಟಲು ಭಯ. ನಾನು ಮುಗಿಸಿಬಿಟ್ಟರೆ ಅವಳು ಏಳುವುದಿಲ್ಲವೇನೋ ಎಂಬ ಹುಚ್ಚು ಭಯ.

ಮಗಳು ಹುಟ್ಟಿದಳು, ಎರಡೂವರೆ ಕಿಲೋ, ಗಂಟಲು ಮಾತ್ರ ನನ್ನದೇ. ಮೈದುನ ಬಾಟಲಿ ಕುದಿಸುವುದರಲ್ಲಿ ಎಷ್ಟು ಪಳಗಿದನೆಂದರೆ ಅಡುಗೆಮನೆಗೆ ನಮ್ಮನ್ನೇ ಬಿಡುತ್ತಿರಲಿಲ್ಲ. ಉಳಿದ ಕೀಮೋ, ರೇಡಿಯೇಷನ್ ಮುಗಿದು, ಎಡಗೈ ಭುಜದವರೆಗೆ ಏಳುವ ಹೊತ್ತಿಗೆ ಮಗುವಿಗೆ ಎಂಟು ತಿಂಗಳು. ಸದ್ಯಕ್ಕೆ ಎಲ್ಲ ಸರಿಯಿದೆ, ತಪ್ಪದೆ ತೋರಿಸುತ್ತಿರಿ ಎಂದರು ಡಾಕ್ಟರಮ್ಮ.

ಮರುದಿನ ಬೆಳಿಗ್ಗೆ ಟೇಪು ಕೊರಳಿಗೆ ಬಂತು. ಮಗುವನ್ನು ಅಳೆದು, ಖಾನೆಯಿಂದ ಹಳದಿ ಅಂಗಿ ತೆಗೆದಳು.

"ಅಯ್ಯೋ, ಅದು ಈಗ ಗೊಂಬೆಗೆ ಸರಿ, ಬಿಡು," ಎಂದೆ.

ಅವಳು ಅಂಗಿಯ ಒಳಮಗ್ಗುಲು ತಿರುವಿದಳು. ಎರಡೂ ಬದಿಯಲ್ಲಿ, ಹೆಗಲಲ್ಲಿ, ಕೆಳಗೆ ಕೂಡ ಮಡಿಕೆ ಮಡಿಕೆಯಾಗಿ ಬಟ್ಟೆ. ಹಸುಗೂಸಿನ ಅಂಗಿಗೆ ಯಾವ ದರ್ಜಿಯೂ ಅಷ್ಟು ಬಿಡುವುದಿಲ್ಲ.

"ಇಷ್ಟು ಯಾಕೆ ಬಿಟ್ಟಿದ್ದೆ?"

"ನಾನು ಬರೋದು ತಡ ಆಗುತ್ತೆ ಅಂತ ಗೊತ್ತಿತ್ತಲ್ಲ, ಅಕ್ಕ."

ಅವಳು ಬದಿ ಬಿಚ್ಚಿ ಅಗಲ ಮಾಡಿದಳು, ಅಂಚು ಹೊಲಿದಳು, ದಾರ ಕಡಿದಳು. ಆಮೇಲೆ ಗುಂಡಿ ಹಚ್ಚಲು ಅಂಗಿಯನ್ನು ನನ್ನ ಕೈಗೆ ಕೊಟ್ಟಳು.