ತೊಲೆಯ ಕೆಳಗೆ ಮಲಗದ ಅತ್ತೆ

ನನ್ನ ಅತ್ತೆಯ ಎರಡೂ ಹೆಬ್ಬೆರಳುಗಳ ಉಗುರು ಚಪ್ಪಟೆಯಾಗಿ, ಹಳದಿ ತಿರುಗಿ, ತುದಿ ಸವೆದುಹೋಗಿತ್ತು. ತಿಗಣೆ ಕೊಂದು ಕೊಂದು ಹಾಗಾದ ಉಗುರುಗಳು ಅವು. ಒಂದು ಉಗುರಿನ ಮೇಲೆ ತಿಗಣೆಯನ್ನಿಟ್ಟು ಇನ್ನೊಂದರಿಂದ ಚಟ್ಟೆಂದು ಒತ್ತಿ, ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿ, ಥೂ ಎಂದು ಮುಖ ತಿರುಗಿಸುತ್ತಿದ್ದರು. ಅಷ್ಟು ಅಸಹ್ಯವಾದರೆ ಮೂಸುವುದೇಕೆ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ‘ಸತ್ತದ್ದು ಖಾತ್ರಿ ಆಗಬೇಕಲ್ಲವಾ,’ ಎಂದಿದ್ದರು.

ಅವರು ಎಲ್ಲವನ್ನೂ ಮೂಸಿಯೇ ಒಳಗೆ ಬಿಡುತ್ತಿದ್ದರು. ಲೋಟ, ಟವೆಲು, ಕೊತ್ತಂಬರಿ ಕಟ್ಟು, ಯಾರಾದರೂ ಓದಲು ಕೊಟ್ಟ ಪೇಪರು. ಹಿಡಿಸದಿದ್ದರೆ ‘ಘಾಣ!’ ಎಂಬ ಒಂದೇ ಮಾತು. ಹೊಲಸಿಗೆ ಮರಾಠಿಯವರು ಹೇಳುವ ಶಬ್ದ ಅದು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಅವರು ತಮ್ಮ ಊರಿನ ಮಾತನ್ನು ಕೊನೆಯವರೆಗೂ ಬಿಡಲಿಲ್ಲ, ಆದರೆ ಬಯ್ಯುವುದಕ್ಕೆ ಮಾತ್ರ ಮರಾಠಿಯೇ ಆಗಬೇಕಿತ್ತು. ಕನ್ನಡದಲ್ಲಿ ಬಯ್ದರೆ ಚಾಳಿನಲ್ಲಿ ಯಾರಿಗೂ ನಾಟುವುದಿಲ್ಲ ಎನ್ನುತ್ತಿದ್ದರು.

ಸಾಲು ಸಾಲು ಬಾಡಿಗೆ ಕೋಣೆಗಳ ಆ ಚಾಳು ವಿಲೆ ಪಾರ್ಲೆಯಲ್ಲಿತ್ತು. ನಮಗೆ ಒಂದೇ ಖೋಲಿ, ಅದರಲ್ಲೇ ಅಡುಗೆ, ಊಟ, ನಿದ್ದೆ. ಮೇಲೆ ಹಲಗೆಯ ಮಾಳಿಗೆ, ಅದನ್ನು ಹೊತ್ತ ಒಂದು ದಪ್ಪ ಸಾಗವಾನಿ ತೊಲೆ. ಈ ತೊಲೆ ನಮ್ಮ ಖೋಲಿಯದೊಂದೇ ಆಗಿರಲಿಲ್ಲ. ಗೋಡೆಗಳನ್ನು ತೂರಿಕೊಂಡು ಆ ಸಾಲಿನ ಅಷ್ಟೂ ಖೋಲಿಗಳಲ್ಲಿ ಹಾದುಹೋಗಿತ್ತು. ಒಬ್ಬರ ಮನೆಯ ತಿಗಣೆ ಇನ್ನೊಬ್ಬರ ಮನೆಗೆ ಅದರ ಬಿರುಕುಗಳಲ್ಲೇ ಓಡಾಡುತ್ತಿತ್ತು. ನೀವೊಬ್ಬರೇ ಬಿಸಿನೀರು ಹಾಕಿದರೆ ಅವು ಪಕ್ಕದ ಮನೆಗೆ ಹೋಗಿ, ನೀರು ಆರಿದ ಮೇಲೆ ಮಕ್ಕಳುಮರಿ ಸಮೇತ ವಾಪಸು ಬರುತ್ತಿದ್ದವು. ಅದಕ್ಕಾಗಿ ಭಾನುವಾರ ಮಧ್ಯಾಹ್ನ ಸಾಲಿನ ಎಲ್ಲ ಹೆಂಗಸರೂ ಹಂಡೆ ಕಾಯಿಸಿಕೊಂಡು ಸ್ಟೂಲು ಹತ್ತಿ ನಿಲ್ಲಬೇಕು. ಅತ್ತೆ ಬಾಗಿಲಲ್ಲಿ ನಿಂತು ‘ಪಾಣೀ ಟಾಕಾ!’ ಎಂದು ಕೂಗಬೇಕು, ನೀರು ಹಾಕಿ ಎಂದು. ಆಗ ಎಲ್ಲ ಖೋಲಿಗಳಲ್ಲೂ ಒಟ್ಟಿಗೇ ಕುದಿಯುವ ನೀರು ತೊಲೆಯ ಸಂದಿಗೆ ಬೀಳುತ್ತಿತ್ತು. ಕೆಳಗೆ ಇಳಿದು ಬರುವ ಕಪ್ಪು ನೀರಿನಲ್ಲಿ ಏನೇನಿರುತ್ತಿತ್ತು ಎಂದು ನಾನಿಲ್ಲಿ ಬರೆಯುವುದಿಲ್ಲ.

ಅದು ಸಾಲದು ಎಂಬಂತೆ ಮೇಲಿನ ಮನೆಯವರ ಬಚ್ಚಲು ಸೋರಿ, ಅವರು ಮಿಂದ ನೀರು, ಉಗುಳಿದ ನೀರು ಅದೇ ತೊಲೆಯ ಗುಂಟ ಜಿನುಗುತ್ತಿತ್ತು. ಅತ್ತೆ ತೊಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಬೆಳಗಾಗುವುದರೊಳಗೆ ಅದು ಬಸುರಿಯ ಹೊಟ್ಟೆಯಂತೆ ಜೋತುಬಿದ್ದಿರುತ್ತಿತ್ತು. ಎದ್ದ ಕೂಡಲೇ ಕೋಲಿನಿಂದ ಅದನ್ನು ಎತ್ತಿ ಬಕೆಟಿಗೆ ಬಗ್ಗಿಸುವುದೇ ಅವರ ಮೊದಲ ಕೆಲಸ. ನಾನು ಸೊಸೆಯಾಗಿ ಬಂದ ದಿನ ಬಾಗಿಲ ಬಳಿಯ ಒಣ ಜಾಗವನ್ನು ನನಗೆ ತೋರಿಸಿ, ತಮ್ಮ ಚಾಪೆಯನ್ನು ಆ ಹಾಳೆಯ ಕೆಳಗೆ ಎಳೆದುಕೊಂಡರು. ನಾನು ಬೇಡ ಎಂದೆ. ‘ನಿನಗ ರೂಢಿ ಇಲ್ಲ ತಂಗಿ. ನಂದು ಹೆಂಗೂ ಹೋತು,’ ಎಂದರು. ಆ ಖೋಲಿಯಲ್ಲಿ ಇದ್ದಷ್ಟು ವರ್ಷವೂ ಆ ತೊಲೆಯ ಕೆಳಗೆ ಅವರು ನನ್ನನ್ನು ಒಂದು ದಿನವೂ ಮಲಗಗೊಡಲಿಲ್ಲ. ನನ್ನ ಹೆತ್ತ ತಾಯಿ ಕೂಡ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಮುಂದೆ ನಾವು ಮುಲುಂಡಿನಲ್ಲಿ ಚಿಕ್ಕ ಫ್ಲ್ಯಾಟ್ ತೆಗೆದುಕೊಂಡೆವು. ಹಳೆಯ ಬಿಲ್ಡಿಂಗು, ಛಾವಣಿಯ ತುಂಬ ತೇವದ ಕಲೆ. ಅತ್ತೆಯ ದಿವಾನ ಹಾಲಿನಲ್ಲಿತ್ತು. ಮಲಗಿಕೊಂಡು ಆ ಕಲೆಗಳನ್ನೇ ದಿಟ್ಟಿಸುತ್ತ ಬಯ್ಯುತ್ತಿದ್ದರು. ಅಂತೂ ದುಡ್ಡು ಕೂಡಿ ಮನೆ ರಿಪೇರಿ ಶುರುವಾದಾಗ ನನ್ನ ಗಂಡ, ‘ಅವ್ವಾ, ನಿನಗೇನು ಬೇಕು ಹೇಳು,’ ಎಂದ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

‘ಮ್ಯಾಲ ನೋಡಿದ್ರ ಏನೂ ಕಾಣಬಾರದು. ಬೆಳ್ಳಗ ಇರಬೇಕು. ಅಷ್ಟ ಮಾಡಿಕೊಡು, ಸಾಕು.’

‘ಆತು ಅವ್ವಾ, ಪ್ರಾಮಿಸ್,’ ಎಂದ.

ಅದೇ ವರ್ಷ ವಿಲೆ ಪಾರ್ಲೆಯ ಚಾಳು ರೀಡೆವಲಪ್‌ಮೆಂಟಿಗೆ ಹೋಗಿ ನೆಲಸಮವಾಯಿತು. ಅದರ ಮರವೆಲ್ಲ ಮಲಾಡಿನ ಒಬ್ಬ ಹಳೆ ಮರದ ವ್ಯಾಪಾರಿಯ ಕೈ ಸೇರಿತ್ತು. ಹಳೆಯ ಮರದ ಹುಚ್ಚು ಈ ಊರಿಗೆ ಹಿಡಿದದ್ದು ನಿಮಗೂ ಗೊತ್ತಿರಬೇಕು. ಯಾರದೋ ಮುರುಕು ಮನೆ ಕೆಡವಿದ ತೊಲೆ, ಬಾಗಿಲು, ಕಿಟಕಿ ತಂದು, ಉಜ್ಜಿ, ಪಾಲಿಶ್ ಹೊಡೆದು, ಏರ್ ಕಂಡೀಶನ್ ಹಾಕಿದ ಹಾಲಿನಲ್ಲಿ ಇಟ್ಟು ಅದರ ಕೆಳಗೆ ಕಾಫಿ ಕುಡಿಯುವುದು. ನಮ್ಮ ಮನೆಗೆ ಬಂದ ಇಂಟೀರಿಯರ್ ಹುಡುಗಿಗೂ ಅದೇ ಹುಚ್ಚು. ಅವಳು ನನ್ನ ಗಂಡನನ್ನು ಮಲಾಡಿಗೆ ಕರೆದುಕೊಂಡು ಹೋದಳು. ಅಲ್ಲಿ ರಾಶಿಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿದ್ದ ತೊಲೆಯ ತುಂಡೊಂದು ಇವನ ಕಣ್ಣಿಗೆ ಬಿತ್ತು. ಆ ಸಾಲಿನಲ್ಲಿ ಅಂಥ ಕೊಂಡಿ ಇದ್ದದ್ದು ನಮ್ಮ ಖೋಲಿಯಲ್ಲೊಂದೇ. ಗಂಡಸು ಅಲ್ಲೇ ಅತ್ತುಬಿಟ್ಟನಂತೆ. ಅದನ್ನು ಲಾರಿಯಲ್ಲಿ ಹಾಕಿಸಿಕೊಂಡೇ ಮನೆಗೆ ಬಂದ.

ಅತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಹತ್ತಿರ ಹೋದರು. ಬಗ್ಗಿ ಮೂಸಿದರು.

‘ಇದನ್ಯಾಕ ತಂದಿ?’

‘ಅವ್ವಾ, ಇದು ನಮ್ಮ ಹೆರಿಟೇಜ್. ಇದರ ಕೆಳಗ ನಾ ತೊಟ್ಟಿಲದಾಗ ಮಲಗೀನಿ. ಸೀಲಿಂಗಿಗೆ ಫಿಟ್ ಮಾಡಸ್ತೀನಿ. ನಿನ್ನ ದಿವಾನದ ಮ್ಯಾಲೇ ಬರ್ತದ.’

‘ಮಲಗಿದಾಂವ ನೀನು. ತೊಟ್ಟಿಲದಾಗ ಬಿದ್ದ ತಿಗಣಿ ಆರಿಸಿದಾಕಿ ನಾನು. ನಿನ್ನ ಕುತ್ತಿಗಿ ಮ್ಯಾಲಿಂದ ಕಿತ್ತು ಕಿತ್ತು ಒಗದೀನಿ. ಥೂ, ಒಯ್ಯಿ ಇದನ್ನ!’

ಇಂಟೀರಿಯರ್ ಹುಡುಗಿ ನಕ್ಕು, ‘ಆಂಟೀ, ಅಸಲೀ ಟೀಕ್ ಹೈ. ಇತನಾ ಪುರಾನಾ ಪೀಸ್ ಅಬ್ ಕಹಾಂ ಮಿಲತಾ ಹೈ!’ ಎಂದಳು, ಅಪ್ಪಟ ಸಾಗವಾನಿ, ಇಷ್ಟು ಹಳೆಯದು ಈಗೆಲ್ಲಿ ಸಿಗುತ್ತದೆ ಎಂದು.

‘ಮೈ ಭೀ ಪುರಾನೀ ಹೂಂ,’ ಎಂದರು ಅತ್ತೆ. ‘ಮುಝೆ ಭೀ ಲಟಕಾ ದೋ ಊಪರ್.’ ನಾನೂ ಹಳಬಳೇ, ನನ್ನನ್ನೂ ಮೇಲೆ ನೇತುಹಾಕಿ ಎಂದು.

ಹುಡುಗಿ ಇನ್ನೂ ಜೋರಾಗಿ ನಕ್ಕಳು. ನನ್ನ ಗಂಡನೂ ನಕ್ಕ. ಮುದುಕಿಯ ತಮಾಷೆ ಎಂದುಕೊಂಡರು. ನನಗೆ ಇಬ್ಬರ ಮುಖಕ್ಕೂ ಉಗಿಯಬೇಕು ಅನ್ನಿಸಿತು. ನಾನೂ ಜಗಳ ಆಡಿದೆ, ಊಟ ಬಿಟ್ಟೆ, ಏನೂ ಉಪಯೋಗವಾಗಲಿಲ್ಲ. ತಾಯಿಗೆ ಆಮೇಲೆ ಇಷ್ಟವಾಗುತ್ತದೆ ಎಂದೇ ಅವನು ನಂಬಿದ್ದ. ಕೆಟ್ಟವನಲ್ಲ. ಆ ಖೋಲಿಯ ಹೊಲಸು ಅವನ ಮೈಗೆ ತಾಗದಂತೆ ತಾಯಿ ಬೆಳೆಸಿದ್ದಳು, ಅದಕ್ಕೇ ಅವನಿಗೆ ಆ ಖೋಲಿ ಸಿಹಿಯಾಗಿ ನೆನಪಿತ್ತು.

ತೊಲೆಯನ್ನು ದೊಡ್ಡ ದೊಡ್ಡ ಬೋಲ್ಟು ಹಾಕಿ ಛಾವಣಿಗೆ ಬಿಗಿದರು. ಎರಡೂ ಬದಿಗೆ ಹಳದಿ ದೀಪ. ಅತ್ತೆ ಆ ಸಂಜೆಯೇ ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಹೋದರು. ಫ್ರಿಜ್ಜಿಗೂ ಕಟ್ಟೆಗೂ ನಡುವೆ ಒಬ್ಬರು ಮಗ್ಗುಲಾಗಿ ಮಲಗುವಷ್ಟು ಜಾಗ. ಅಲ್ಲೇ ಮಲಗಿದರು.

ಅದಾದ ಭಾನುವಾರ ನನ್ನ ಗಂಡ ಆಫೀಸಿನ ಸ್ನೇಹಿತರನ್ನು ಮನೆ ನೋಡಲು ಕರೆದಿದ್ದ. ಅವರು ತಲೆಯೆತ್ತಿ ವಾಹ್ ವಾಹ್ ಎನ್ನುತ್ತಿರುವಾಗ ಅತ್ತೆ ಅಡುಗೆಮನೆಯಿಂದ ಸೆರಗು ಸಿಕ್ಕಿಸಿಕೊಂಡು ಬಂದರು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಹಬೆಯಾಡುವ ಪಾತ್ರೆ. ಸ್ಟೂಲು ಕೆಳಗಿಟ್ಟು ಫ್ಲ್ಯಾಟಿನ ಬಾಗಿಲು ತೆರೆದು ಪ್ಯಾಸೇಜಿಗೆ ಕೇಳುವಂತೆ ‘ಪಾಣೀ ಟಾಕಾ!’ ಎಂದು ಕೂಗಿದರು. ಎದುರು ಮನೆಯ ಗುಜರಾತಿ ಗೃಹಸ್ಥ ಎಲ್ಲೋ ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿಬಂದ. ಅಷ್ಟರಲ್ಲಿ ಅತ್ತೆ ಸ್ಟೂಲು ಹತ್ತಿ ತೊಲೆಯ ಬಿರುಕಿಗೆ ಕುದಿನೀರು ಹೊಯ್ದಾಗಿತ್ತು. ಕಪ್ಪು ನೀರು ಹೊಸ ಗೋಡೆಯ ಮೇಲೆ ಇಳಿದು, ಬಿಳಿ ಸೋಫಾದ ಮೇಲೆ ಹರಿದು, ಒಬ್ಬ ಸ್ನೇಹಿತನ ಶರಟಿನ ಮೇಲೂ ತೊಟ್ಟಿಕ್ಕಿತು. ಹಳೆಯ ಧೂಳು, ಎಣ್ಣೆ, ಇಲಿಯ ಹಿಕ್ಕೆ, ಎಲ್ಲ ಸೇರಿದ ಆ ವಾಸನೆ ನನಗೆ ಚೆನ್ನಾಗಿ ಪರಿಚಯವಿತ್ತು.

‘ಅವ್ವಾ, ಎಷ್ಟು ಹೊಲಸ ಮಾಡಿದಿ!’ ಎಂದು ನನ್ನ ಗಂಡ ಕಿರುಚಿದ.

‘ನಾ ಮಾಡಿಲ್ಲ. ಅದರ ಹೊಟ್ಟ್ಯಾಗ ಇತ್ತು, ಬಂತು. ಬೇಕಂತ ತಂದಿ, ಈಗ ನೋಡು.’

ಅರಳುಮರುಳು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ನಾನು ಅವರ ಕೈ ಹಿಡಿದು ಸ್ಟೂಲಿನಿಂದ ಇಳಿಸಿದವಳು. ಅರಳುಮರುಳಿನ ಲಕ್ಷಣ ಒಂದೂ ಆ ಮುಖದಲ್ಲಿರಲಿಲ್ಲ. ಗೋಡೆಗೆ ಮತ್ತೆ ಬಣ್ಣ ಹೊಡೆಸಿದರು, ತೊಲೆಗೆ ಮತ್ತೆ ಪಾಲಿಶ್ ಹಾಕಿಸಿದರು, ಅತ್ತೆ ಫ್ರಿಜ್ಜಿನ ಪಕ್ಕದಲ್ಲೇ ಉಳಿದರು.

ಮಳೆಗಾಲದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದಲ್ಲಿ ಸ್ವಲ್ಪ ಚೇತರಿಸಿಕೊಂಡಂತೆ ಕಂಡಿತು. ನನ್ನ ಗಂಡ ಖುಷಿಯಿಂದ, ‘ನಾಳೆ ಮನೀಗೆ ಹೋಗೋಣ ಅವ್ವಾ,’ ಎಂದ.

ಅತ್ತೆ ಮಲಗಿದಲ್ಲಿಂದ ಮೇಲೆ ನೋಡುತ್ತಿದ್ದರು. ‘ಇಲ್ಲೇ ಇರ್ತೀನಿ. ಎಷ್ಟ ಬೆಳ್ಳಗೈತಿ ನೋಡು. ಒಂದು ಗೆರಿ ಇಲ್ಲ.’ ಮಗನ ಕಡೆ ತಿರುಗಿದರು. ‘ಇಂಥಾದ್ದು ಕೇಳಿದ್ನಿ ನಾ ನಿನಗ. ಮತ್ತೇನು ಕೇಳಿದ್ದಿಲ್ಲ.’

ಅವನು ಎದ್ದು ಹೊರಗೆ ಹೋದ. ನಾನು ಹಿಂದೆ ಹೋದಾಗ ಕಾರಿಡಾರಿನಲ್ಲಿ ನಿಂತು ಬಡಗಿಗೆ ಫೋನು ಮಾಡುತ್ತಿದ್ದ. ಇವತ್ತೇ ಇಳಿಸು, ಇವತ್ತೇ ಬಣ್ಣ ಹೊಡೆಸು ಎನ್ನುತ್ತಿದ್ದ.

ತೊಲೆ ಇಳಿಯಿತು. ಇಂಟೀರಿಯರ್ ಹುಡುಗಿ ಅದನ್ನು ಯಾವುದೋ ಕೆಫೆಗೆ ಅಂತ ಅವತ್ತೇ ಹೊರಿಸಿಕೊಂಡು ಹೋದಳು. ಈಗ ಎಲ್ಲಿಯೋ ಜನ ಅದರ ಕೆಳಗೆ ಕೂತು ಕೇಕು ತಿನ್ನುತ್ತಿದ್ದಾರೆ, ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ತಿನ್ನಲಿ. ಬೋಲ್ಟಿನ ತೂತುಗಳಿಗೆ ಸಿಮೆಂಟು ತುಂಬಿ ಬಿಳಿ ಬಣ್ಣ ಹೊಡೆದರು. ಮರುದಿನ ಬೆಳಿಗ್ಗೆ, ಒಣಗಲಿ ಎಂದು ನಾನೇ ಫ್ಯಾನು ಹಾಕಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಆಸ್ಪತ್ರೆಗೆ ಹೊರಟೆ. ಮನೆಯ ಛಾವಣಿ ಬೆಳ್ಳಗಾಗಿದೆ ಎಂದು ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ನಾನು ತಲುಪುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಮಧ್ಯಾಹ್ನ ಮನೆಗೆ ತಂದು ಹಾಲಿನ ನಡುವೆ ಅಂಗಾತ ಮಲಗಿಸಿದೆವು. ಮೇಲೆ ಛಾವಣಿ ಬೆಳ್ಳಗೆ, ಒಂದು ಗೆರೆಯಿಲ್ಲದೆ, ಅವರು ಕೇಳಿದ ಹಾಗೆಯೇ ಇತ್ತು. ಕಣ್ಣುಗಳನ್ನು ಆಸ್ಪತ್ರೆಯವರು ಮುಚ್ಚಿಯೇ ಕಳಿಸಿದ್ದರು.