ಪಾಲಾಕ್ಷನ ಸ್ಪ್ರಿಂಗ್ ಪೆಟ್ಟಿಗೆ

ಪಾಲಾಕ್ಷ ಸ್ವಾರ್ಥಿ. ಇದನ್ನು ಮೆತ್ತಗೆ ಮಾಡಿ ಹೇಳಲು ಕಾರಣವಿಲ್ಲ. ಕುಡಿಯುವವನಲ್ಲ, ಸುಳ್ಳು ಹೇಳುವವನಲ್ಲ, ಯಾರ ಕೂಲಿಯನ್ನೂ ಮುರಿದವನಲ್ಲ. ಆದರೆ ತಾನು ಬಲ್ಲ ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಮಗ್ಗಕ್ಕೆ ಕುಳಿತಿದ್ದಾಗಲೂ ಹಾಗೆಯೇ, ಚಳ್ಳಕೆರೆಯಲ್ಲಿ ಜಿಪ್ಸಂ ಹಲಗೆಯ ಗೋಡೆಗಳ ಸಂದು ಮುಚ್ಚುವ ಮೇಸ್ತ್ರಿಯಾದ ಮೇಲೂ ಹಾಗೆಯೇ. ಇದು ಗೀತಮ್ಮನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಎರಡೂ ಕಡೆ ಅವನ ಪಕ್ಕದಲ್ಲಿ ದುಡಿದವಳು ಅವಳೊಬ್ಬಳೇ.

ದೊಡ್ಡ ಅಂಚಿನ ರೇಷ್ಮೆ ಸೀರೆಯನ್ನು ಒಬ್ಬರೇ ನೇಯಲಾಗದು. ಒಡಲಿನ ಬಣ್ಣ ಒಂದು, ಅಂಚಿನದು ಇನ್ನೊಂದು. ಎರಡೂ ಕೂಡುವಲ್ಲಿ ಎಳೆಗೆ ಎಳೆ ಕೊಂಡಿ ಹಾಕಿಕೊಳ್ಳಬೇಕು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ನಡುವೆ ನೇಯುವವನು ಕುಳಿತರೆ, ಅಂಚಿನ ಲಾಳಿ ತಳ್ಳಲು ಎಡಗಡೆ ಇನ್ನೊಬ್ಬರು ಬೇಕು. ಗೌರಸಮುದ್ರದಿಂದ ಮದುವೆಯಾಗಿ ಆ ಕೇರಿಗೆ ಬಂದ ಗೀತಮ್ಮ ಪಾಲಾಕ್ಷನ ಮಗ್ಗದ ಎಡಗಡೆ ಕೂಲಿಗೆ ಕುಳಿತಳು. ಕುಳಿತವಳು ಮಗ್ಗ ನಿಲ್ಲುವವರೆಗೂ ಅಲ್ಲೇ ಕುಳಿತಳು. ಒಂದು ದಿನವೂ ಅವನು ಅವಳನ್ನು ನಡುವಿನ ಜಾಗಕ್ಕೆ ಕರೆಯಲಿಲ್ಲ. ಹಾಸಿನ ಉದ್ದೆಳೆಗಳನ್ನು ಕಟ್ಟುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದ. ಅವಳು ಕತ್ತು ಚಾಚಿದರೆ, "ನಿನ್ ಅಂಚು ನೀನು ನೋಡ್ಕೊಳಮ್ಮ" ಎನ್ನುತ್ತಿದ್ದ.

ಕೇರಿಯ ಮಗ್ಗಗಳು ಒಂದೊಂದಾಗಿ ನಿಂತು, ಅವನದೂ ನಿಂತಾಗ ಹಲವರು ಗಡಿ ದಾಟಿ ಆಂಧ್ರದ ಊರುಗಳಲ್ಲಿ ಮಗ್ಗ ಹಿಡಿದರು. ಗೀತಮ್ಮನೂ ಕೇಳಿ ನೋಡಿದಳು. "ಏಮಮ್ಮಾ, ಸೀರೆ ಪೂರ್ತಿ ಬರ್ತದಾ?" ಎಂದು ಅಲ್ಲಿನ ಯಜಮಾನ ಕೇಳಿದ. ಅವಳಿಗೆ ಬರುತ್ತಿದ್ದದ್ದು ಸೀರೆಯ ಒಂದು ಬದಿ ಮಾತ್ರ. ಅಷ್ಟು ವರ್ಷ ಕುಳಿತೂ ತಾನು ಬಾಯಿಬಿಟ್ಟು ಕೇಳಲಿಲ್ಲವಲ್ಲ ಎಂಬ ಕೊರಗು ಅವಳಿಗೆ ಅಂದಿನಿಂದ ಅಂಟಿತು. ಕೊಡದವನ ಮೇಲಿನ ಸಿಟ್ಟಿಗಿಂತ, ಕೇಳದೆ ಹೋದ ತನ್ನ ಮೇಲಿನ ಸಿಟ್ಟೇ ಹೆಚ್ಚು ಬಾಳಿಕೆ ಬಂತು.

ಅಷ್ಟರಲ್ಲಿ ಪಾಲಾಕ್ಷ ಚಳ್ಳಕೆರೆ ಬಳಿಯ ವರವು ಕಾವಲಿನ ಕಡೆ ಏಳುತ್ತಿದ್ದ ಹೊಸ ಕಟ್ಟಡಗಳಲ್ಲಿ ಹಲಗೆ ಗೋಡೆಯ ಕೆಲಸ ಕಲಿತಿದ್ದ. ಎರಡು ಹಲಗೆ ಕೂಡುವ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ಬಿಳಿ ಹಿಟ್ಟನ್ನು ತೆಳ್ಳಗೆ ಎಳೆಯಬೇಕು. ಒಣಗಿದ ಮೇಲೆ ಇನ್ನಷ್ಟು ಅಗಲಕ್ಕೆ ಎಳೆಯಬೇಕು, ಆಮೇಲೆ ಮತ್ತಷ್ಟು ಅಗಲಕ್ಕೆ. ಕೊನೆಗೆ ಉಜ್ಜಿದರೆ ಸಂದು ಎಲ್ಲಿತ್ತೆಂದು ಕಟ್ಟಿದವನಿಗೂ ತಿಳಿಯಬಾರದು. ಬೇರೆ ದಾರಿ ಕಾಣದೆ ಗೀತಮ್ಮ ಇಲ್ಲಿಗೂ ಅವನ ಜೊತೆ ಕೂಲಿಗೆ ಬಂದಳು. ಎಳೆಯುವುದು ಪಾಲಾಕ್ಷನ ಕೆಲಸ. ಹಿಟ್ಟು ಕಲಸುವುದು, ಒಣಗಿದ್ದನ್ನು ಉಜ್ಜುವುದು ಗೀತಮ್ಮನ ಕೆಲಸ. ಮತ್ತೆ ಅವನು ನಡುವೆ, ಅವಳು ಬದಿಯಲ್ಲಿ.

ಈ ವರ್ಷ ಕೆಲಸ ಸಿಕ್ಕಿದ್ದು ಚಳ್ಳಕೆರೆಯ ಮುರುಗೇಂದ್ರಪ್ಪನವರ ಹಳೆಯ ಎಣ್ಣೆ ಗಿರಣಿಯಲ್ಲಿ. ಅಪ್ಪನ ಕಾಲದಿಂದ ಶೇಂಗಾ ಎಣ್ಣೆ ಕುಡಿದ ಗೋಡೆಗಳು. ಏನು ಬಳಿದರೂ ಹಿಡಿಯುತ್ತಿರಲಿಲ್ಲ, ಬೇಸಗೆ ಬಂದರೆ ಸುಣ್ಣದ ಮೇಲೇ ಎಣ್ಣೆ ಬೆವರುತ್ತಿತ್ತು. ಅದನ್ನು ರೇಷ್ಮೆ ಸೀರೆಯ ಅಂಗಡಿ ಮಾಡಹೊರಟ ಅವರು ಒಳಗೆಲ್ಲ ಹಲಗೆ ಗೋಡೆ ನಿಲ್ಲಿಸಲು ಹೇಳಿದರು. ಹಲಗೆ ಜೋಡಿಸಿ ಸ್ಕ್ರೂ ಬಿಗಿಯುವವನು ಮಲ್ಲಿಕ್. ಸಂದಿನ ಕೆಲಸ ಬೇಗ ಮುಗಿಯಲೆಂದು ಮುರುಗೇಂದ್ರಪ್ಪನವರೇ ಬೆಂಗಳೂರಿನಿಂದ ಒಂದು ಹೊಸ ಸಾಧನ ತರಿಸಿಕೊಟ್ಟರು. ಉದ್ದ ಹಿಡಿಯ ತುದಿಗೆ ತಗಡಿನ ಚಪ್ಪಟೆ ಪೆಟ್ಟಿಗೆ. ಪೆಟ್ಟಿಗೆ ತುಂಬ ಹಿಟ್ಟು ತುಂಬಿ ಸಂದಿನ ಮೇಲೆ ಇಟ್ಟು ಎಳೆದರೆ, ಒಳಗಿನ ಸ್ಪ್ರಿಂಗು ಮುಚ್ಚಳವನ್ನು ಒತ್ತಿ ಹಿಟ್ಟನ್ನು ತಾನೇ ಹೊರಗೆ ತಳ್ಳುತ್ತಿತ್ತು. ಭುಜದ ಬಲ ಅರ್ಧ ಸಾಕು. ಕೈ ದಾರಿ ತೋರಿಸಿದರೆ ಆಯಿತು. ಸ್ಪ್ರಿಂಗು ಎಷ್ಟು ಒತ್ತಬೇಕೆಂದು ಹೊಂದಿಸಲು ಪಕ್ಕದಲ್ಲೊಂದು ತಿರುಪು.

ಪಾಲಾಕ್ಷ ಅದನ್ನು ಯಾರಿಗೂ ಮುಟ್ಟಿಸಲಿಲ್ಲ. ಸಂಜೆ ತೊಳೆದು, ಒರೆಸಿ, ಹಿಡಿ ಕಳಚಿ, ಗಿರಣಿಯ ಮೂಲೆಯಲ್ಲಿದ್ದ ತನ್ನ ಕಬ್ಬಿಣದ ಟ್ರಂಕಿನೊಳಗಿಟ್ಟು ಬೀಗ ಹಾಕುತ್ತಿದ್ದ.

"ಏನ್ ಪಾಲಾಕ್ಷಣ್ಣ, ರಾತ್ರಿ ಜೋಗುಳ ಗೀಗುಳ ಹಾಡ್ತೀಯೋ ಹೆಂಗೆ ಅದಕ್ಕೆ?" ಎಂದ ಮಲ್ಲಿಕ್.

"ನಿನ್ ಸ್ಕ್ರೂ ತಲೆ ಒಳಗೆ ಕೂತಿಲ್ಲ ನೋಡಲೇ. ಅದುನ್ನ ಮೊದ್ಲು ಮಲಗ್ಸು."

ಗೀತಮ್ಮ ನಗಲಿಲ್ಲ. ಅವಳಿಗೆ ಕೆಮ್ಮು ಹತ್ತಿ ಎರಡು ತಿಂಗಳಾಗಿತ್ತು. ಉಜ್ಜುವಾಗ ಏಳುವ ಧೂಳು ಮೈದಾ ಹಿಟ್ಟಿಗಿಂತ ನುಣುಪು. ಮೂಗಿಗೆ ಎಷ್ಟು ಬಟ್ಟೆ ಕಟ್ಟಿದರೂ ಒಳಗೆ ಇಳಿಯುತ್ತಿತ್ತು. ಧೂಳಿನ ಕೆಲಸ ಬಿಡದಿದ್ದರೆ ಔಷಧಿ ದಂಡ ಎಂದು ಡಾಕ್ಟರು ಹೇಳಿದ್ದರು. ಬಿಟ್ಟರೆ ಉಳಿದದ್ದು ಎಳೆಯುವ ಕೆಲಸ ಒಂದೇ, ಅದು ಅವಳಿಗೆ ಬಾರದು. ಮಗ್ಗದ ಹತ್ತಿರ ಮಾಡಿದ ತಪ್ಪನ್ನು ಇಲ್ಲಿ ಮಾಡಬಾರದೆಂದು ಅವಳು ಈ ಸಲ ಬಾಯಿಬಿಟ್ಟೇ ಕೇಳಿದಳು.

"ಅಣ್ಣ, ಒಂದು ಸಂದು ನಾನು ಎಳೀತೀನಿ. ಪಕ್ಕದಾಗೆ ನಿಂತು ತೋರ್ಸು."

"ನಿಂಗ್ಯಾಕದು?"

"ಧೂಳು ಆಗವಲ್ದು ನಂಗೆ."

"ಒದ್ದೆ ಟವಲ್ ಕಟ್ಕ. ಹೆಂಗುಸ್ರ ಕೈಗೆ ಬರೋ ಕೆಲ್ಸ ಅಲ್ಲ ಇದು."

ಹೆಂಗಸರ ಕೈಗೆ ಬರಲೆಂದೇ ಯಾರೋ ಸ್ಪ್ರಿಂಗು ಇಟ್ಟಂತಿತ್ತು ಆ ಪೆಟ್ಟಿಗೆ. ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಮರುವಾರ ಒಂದು ಸಂಜೆ ಪಾಲಾಕ್ಷ ಊರಿಗೆ ಹೋಗಬೇಕಾಯಿತು. ಖಾಲಿ ಬಿದ್ದಿದ್ದ ಮಗ್ಗದ ಕುಣಿಗೆ ಅವನ ಹೆಂಡತಿ ಸಿದ್ದಕ್ಕ ಕಾಲು ಜಾರಿ ಬಿದ್ದಿದ್ದಳು. ಕುಣಿಗೆ ಮಣ್ಣು ತುಂಬಿಸಿ ಮೇಲೆ ಸಿಮೆಂಟು ಹಾಕಿಸಿ ಬರುತ್ತೇನೆಂದು ಹೊರಟ. ಅವಸರದಲ್ಲಿ ಟ್ರಂಕಿಗೆ ಬೀಗ ಹಾಕುವುದು ಮರೆತ.

ಗೀತಮ್ಮ ಮರುದಿನ ಬೆಳಗ್ಗೆಯೇ ಟ್ರಂಕಿನಿಂದ ಪೆಟ್ಟಿಗೆ ತೆಗೆದು ಹಿಡಿ ಸಿಕ್ಕಿಸಿದಳು. ಹಿಟ್ಟು ತುಂಬಿದಳು. ತಿರುಪನ್ನು ಮುಟ್ಟಿ ನೋಡಿದಾಗ ಸಡಿಲ ಅನ್ನಿಸಿತು. ಅಲ್ಲಿ ಅವಳು ತಪ್ಪಿದಳು, ನೇಕಾರರ ಕೇರಿಯವರು ಮಾತ್ರ ತಪ್ಪುವ ರೀತಿಯಲ್ಲಿ. ಮಗ್ಗದ ಮುಂದೆ ಸಡಿಲ ಎಂಬುದು ಬೈಗುಳ. ಹಾಸು ಸಡಿಲವಾದರೆ ಸೀರೆ ಜೋಲು ಬೀಳುತ್ತದೆ, ಅಂಚು ಸೊಟ್ಟಗಾಗುತ್ತದೆ. ಎಡಗಡೆ ಕುಳಿತಷ್ಟು ಕಾಲವೂ ಅವಳ ಕಿವಿಗೆ ಬಿದ್ದ ಒಂದೇ ಪಾಠ, 'ಬಿಗಿ ಇರ್ಲಿ, ಬಿಗಿ ಇರ್ಲಿ.' ಅವಳು ತಿರುಪನ್ನು ಇನ್ನು ತಿರುಗದು ಎನ್ನುವವರೆಗೆ ಬಿಗಿ ಮಾಡಿದಳು.

ಪೆಟ್ಟಿಗೆ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಬಿಗಿದ ಸ್ಪ್ರಿಂಗಿಗೆ ಹಿಟ್ಟು ದಪ್ಪಗೆ ತುಂಬಿ ತುಂಬಿ ಬಂತು. ಎಷ್ಟು ಸಲೀಸಾದ ಕೆಲಸವನ್ನು ಎಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಎಂದು ಅವಳಿಗೆ ಹೊಟ್ಟೆ ಉರಿಯಿತು, ಜೊತೆಗೇ ಖುಷಿಯೂ ಆಯಿತು. ಮಲ್ಲಿಕ್ ಏಣಿಯ ಮೇಲಿಂದ, "ಶಭಾಷ್ ಗೀತಕ್ಕ! ಇನ್ ಮೇಸ್ತ್ರಿ ಮೊಳಕಾಲ್ಮೂರಾಗೇ ಇರ್ಲಿ" ಎಂದ. ಮಧ್ಯಾಹ್ನದೊಳಗೆ ಬಾಗಿಲ ಎದುರಿನ ಇಡೀ ಗೋಡೆ ಮುಗಿದಿತ್ತು.

ಚಳ್ಳಕೆರೆಯ ಒಣಗಾಳಿ ದಪ್ಪ ಹಿಟ್ಟನ್ನು ಸುಮ್ಮನೆ ಬಿಡುವುದಿಲ್ಲ. ಸಂಜೆಗೆ ಪಾಲಾಕ್ಷ ಬಸ್ಸಿಳಿದು ಬರುವಷ್ಟರಲ್ಲಿ ಮುರುಗೇಂದ್ರಪ್ಪನವರು ಹೊಸ ದೀಪಗಳನ್ನು ಹಾಕಿಸಿ ನೋಡುತ್ತಿದ್ದರು. ಗೋಡೆಗೆ ಒತ್ತಿದಂತೆ ಮೇಲಿನಿಂದ ಇಳಿಯುವ ಬೆಳಕು. ಒಂದೊಂದು ಸಂದೂ ಬಾಸುಂಡೆಯಂತೆ ಎದ್ದು ಕಂಡಿತು, ಬಾಸುಂಡೆಯ ಬೆನ್ನಿನುದ್ದಕ್ಕೂ ಬಿರುಕು.

"ಏನ್ರಿ ಪಾಲಾಕ್ಷಪ್ಪ, ಇದರ ಮುಂದೆ ಸೀರೆ ಇಳಿಬಿಟ್ರೆ ಸೀರೇನೇ ಸುಕ್ಕು ಅಂತಾರಲ್ರಿ ಜನ!"

ಪಾಲಾಕ್ಷ ಗೋಡೆಯನ್ನು ನೋಡಿದ. ಗೀತಮ್ಮನ ತೋಳಿಗೆ ಒಣಗಿ ಅಂಟಿದ್ದ ಹಿಟ್ಟನ್ನೂ ನೋಡಿದ.

"ಕಿತ್ತು ಮಾಡ್ತೀವಿ ಬಿಡ್ರಿ" ಎಂದ.

ಯಜಮಾನರು ಕಾರು ಹತ್ತಿದ ಮೇಲೆ ಅವಳ ಕಡೆ ತಿರುಗಿದ. "ತಿರುಪು ಬಿಗಿ ಮಾಡಿದ್ಯಾ?"

"ಹೂಂ."

"ಮಗ್ಗ ಅನ್ಕೊಂಡ್ಯಾ?"

ಅವಳು ತೋಳಿನ ಹಿಟ್ಟನ್ನು ಉಗುರಿನಿಂದ ಕೆರೆದಳು.

"ಸಾಕು ಸಾಕು, ನಿನ್ನ ಮೇಸ್ತ್ರಿಗಿರಿ. ನಾಳೆ ಈ ಗೋಡೆ ಪೂರ್ತಿ ಉಜ್ಜಿ ತೆಗೀಬೇಕು. ಬುಡದ ತಂಕ."

ಪೂರ್ತಿ ಗೋಡೆ ಉಜ್ಜುವುದೆಂದರೆ ದಿನವಿಡೀ ಧೂಳಿನೊಳಗೆ ಮುಳುಗಿರುವುದು. ಗೀತಮ್ಮನಿಗೆ ಆಗ ತಡೆಯಲಾಗಲಿಲ್ಲ. "ಮಗ್ಗ ಅನ್ಕೊಂಡೆ, ಹೌದು. ಮಗ್ಗನೂ ನೀನು ಕಲಿಸ್ಲಿಲ್ಲ. ಅಷ್ಟು ವರ್ಷ ಕೂತಿದ್ನಲ್ಲ ನಿನ್ ಪಕ್ಕ, ಒಂದು ದಿನ ನಡುವೆ ಕೂರ್ಸಿದ್ರೆ ನಿಂದೇನು ಹೋಗ್ತಿತ್ತು?"

ಬೇರೆ ಯಾರಾದರೂ ಆಗಿದ್ದರೆ ಒಂದು ನೆವ ಹೇಳುತ್ತಿದ್ದರು. ಪಾಲಾಕ್ಷ ಹೇಳಲಿಲ್ಲ.

"ನೀನು ನಡುವೆ ಕೂತಿದ್ರೆ ನಂಗೆ ಅಂಚು ಯಾರು ಹಿಡೀತಿದ್ರು?" ಎಂದ. "ಪೂರ್ತಿ ಬಂದೋಳು ಬೇರೆ ಮಗ್ಗಕ್ಕೆ ಹೋಗ್ತಿದ್ದೆ. ನಿನ್ನಂಗೆ ಅಂಚು ಹಿಡಿಯೋರು ಕೇರೀಲಿ ಯಾರಿದ್ರು?"

ಹೊಗಳಿಕೆ ಎಂದು ತೆಗೆದುಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಒಬ್ಬಳ ಕೈ ಚೆನ್ನಾಗಿತ್ತು ಎಂಬ ಕಾರಣಕ್ಕೇ ಆ ಕೈಯನ್ನು ಬೆಳೆಯಗೊಡಲಿಲ್ಲ ಎಂದು ಅವನು ಹವಾಮಾನ ಹೇಳಿದಷ್ಟು ಸರಳವಾಗಿ ಹೇಳಿದ್ದ. ಆಮೇಲೆ, "ಕುಣಿ ಮುಚ್ಚಿ ಬಂದೆ. ಎಷ್ಟು ಮಣ್ಣು ಹಿಡೀತು ಅಂತೀಯ" ಎಂದ. ಆ ಮಾತನ್ನು ಅವಳಿಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ಗೀತಮ್ಮ ಬುತ್ತಿಯ ಡಬ್ಬಿ ತೆಗೆದುಕೊಂಡು ಹೊರಟಳು.

ಮನೆಯಲ್ಲಿ ಗಂಡ ಮಾರಯ್ಯ, "ಬಿಟ್ಟಾಕು ಆ ಕೆಲಸ" ಎಂದ. ಬಿಟ್ಟು ಏನು ಮಾಡಲಿ ಎಂದು ಅವಳು ಕೇಳಿದಳು. ಅಂಚು ಬರುವವಳು, ಉಜ್ಜಲು ಬರುವವಳು. ಎರಡು ಕೆಲಸದ ಎರಡು ಅರ್ಧ ಕೂಡಿದರೆ ಒಂದು ಕೆಲಸವಾಗುವುದಿಲ್ಲ. ಬೆಳಗ್ಗೆ ಅವಳು ದೊಡ್ಡ ಟವಲೊಂದನ್ನು ಚೀಲಕ್ಕೆ ಹಾಕಿಕೊಂಡು ಗಿರಣಿಗೆ ಹೋದಳು.

ಒಳಗೆ ಆಗಲೇ ಉಜ್ಜುವ ಸದ್ದಿತ್ತು. ಮಲ್ಲಿಕ್ ಇಷ್ಟು ಬೇಗ ಬರುವವನಲ್ಲ. ಬಾಗಿಲ ಎದುರಿನ ಗೋಡೆಯ ಮುಂದೆ ಧೂಳಿನ ಮಬ್ಬಿನಲ್ಲಿ ಪಾಲಾಕ್ಷ ನಿಂತಿದ್ದ. ಮೂಗು ಬಾಯಿಗೆ ಹೆಗಲ ವಸ್ತ್ರ ಬಿಗಿದಿದ್ದ; ತಲೆ, ಹುಬ್ಬು ಎಲ್ಲ ಬಿಳಿ. ಅರ್ಧ ಗೋಡೆ ಆಗಿತ್ತು.

ಪಕ್ಕದ ಕೋಣೆಯ ಇನ್ನೂ ಹಿಟ್ಟು ಕಾಣದ ಗೋಡೆಗೆ ಪೆಟ್ಟಿಗೆಯನ್ನು ಒರಗಿಸಿಟ್ಟಿದ್ದ. ಹಿಟ್ಟು ತುಂಬಿತ್ತು. ಗೀತಮ್ಮ ಬಗ್ಗಿ ತಿರುಪನ್ನು ಮುಟ್ಟಿದಳು. ಸಡಿಲವಾಗಿತ್ತು, ನಿನ್ನೆ ಬೆಳಗ್ಗೆ ಅವಳು ಮುಟ್ಟಿದಾಗ ಅವನ ಕೈಗೆ ಹೊಂದಿಸಿದ್ದುದಕ್ಕಿಂತಲೂ ಒಂದಿಷ್ಟು ಸಡಿಲ.

ಉಜ್ಜುವ ಸದ್ದು ನಿಂತಿತು.

"ಎಡಗೈ ಮುಂದೆ ಇರ್ಲಿ" ಎಂದ ಪಾಲಾಕ್ಷ, ತಿರುಗಿ ನೋಡದೆ. "ನಿಂಗೆ ಕಸುವು ಇರೋದು ಎಡಗೈಲಿ. ಬಲಗೈಲಿ ಹಿಡಿದು ಎಳೆದಿದ್ದೀಯ ನಿನ್ನೆ, ಗೋಡೆ ನೋಡಿದ್ರೇ ಗೊತ್ತಾಗ್ತದೆ."

ಮಗ್ಗದ ಎಡಗಡೆ ಕುಳಿತು ಕುಳಿತು ತನ್ನ ಎಡಗೈ ಬಲಿತಿರುವುದನ್ನು ಗೀತಮ್ಮ ಯಾರಿಗೂ ಹೇಳಿದವಳಲ್ಲ. ಇದನ್ನು ಅವನು ಮಗ್ಗದ ಕಾಲದಲ್ಲೇ ಹೇಳಿದ್ದರೆ ಎಂದುಕೊಂಡಳು. ಆದರೆ ಆ ಕುಣಿಗೆ ಮಣ್ಣು ಬಿದ್ದಾಗಿತ್ತು.

ಅವಳು ಪೆಟ್ಟಿಗೆಯನ್ನು ಎಡಗೈ ಮುಂದಾಗಿ ಎತ್ತಿಕೊಂಡಳು. ಪಾಲಾಕ್ಷ ಕೆಮ್ಮಿದ. ಮುಖದ ವಸ್ತ್ರ ಬಿಚ್ಚಿ, ಅವಳ ಬಕೆಟ್ಟಿನ ನೀರಿನಲ್ಲಿ ಅದ್ದಿ ಹಿಂಡಿ, ಮತ್ತೆ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿದ.